ಹೊಳೆ ಬಂದ ವರ್ಷದ ಸುದ್ದಿಗಳು

2019ರಲ್ಲಿ ಏನೇನಾಯ್ತು ಅಂತ ಕೇಳಿದರೆ ಹೆಚ್ಚಿನವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಪುಲ್ವಾಮಾ, ಬಾಲಾಕೋಟ್, ಲೋಕಸಭೆ ಚುನಾವಣೆ, 370ನೇ ವಿಧಿ, ಚಂದ್ರಯಾನ-2, ಅಯೋಧ್ಯೆ ತೀರ್ಪು, ಸಿಎಎ. ಕರ್ನಾಟಕದವರಾದರೆ ಇನ್ನೊಂದಿಷ್ಟು ಸೇರಿಸುತ್ತಾರೆ. ಜನವರಿಯಲ್ಲಿ ಸಿದ್ಧಗಂಗಾ ಶ್ರೀಗಳು ಹೋದರು, ಜೂನ್‌ನಲ್ಲಿ ಗಿರೀಶ ಕಾರ್ನಾಡರು ಹೋದರು, ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಹೋಯ್ತು. ಆ ವರ್ಷ ಸುದ್ದಿಗೇನೂ ಬರ ಇರಲಿಲ್ಲ.

ನಾನಿರುವುದು ಬೆಳಗಾವಿಯಲ್ಲಿ. ಅವ್ವನ ತವರು ಜಮಖಂಡಿ ತಾಲ್ಲೂಕಿನ, ಕೃಷ್ಣಾ ದಂಡೆಯ ಒಂದು ಹಳ್ಳಿ. ಅಲ್ಲಿ ಹೋಗಿ 2019 ಅಂದರೆ ಯಾರಿಗೂ ತಟ್ಟನೆ ನೆನಪಾಗುವುದಿಲ್ಲ. "ಹೊಳಿ ಬಂದ ವರ್ಷ" ಅನ್ನಬೇಕು. ಆಗಲೂ "ಯಾವ ಹೊಳಿ?" ಅಂತ ಕೇಳುತ್ತಾರೆ. 2005ರದ್ದೊಂದಿದೆ, 2021ರದ್ದೊಂದಿದೆ. ಮಲಪ್ರಭೆ ಕಡೆಯ ನೆಂಟರಾದರೆ 2009ರದ್ದನ್ನೂ ತರುತ್ತಾರೆ. ಮಗಳ ಮದುವೆ, ಎಮ್ಮೆ ಕೊಂಡದ್ದು, ಅಜ್ಜ ತೀರಿಕೊಂಡದ್ದು, ಎಲ್ಲಕ್ಕೂ ಅಲ್ಲಿ ಹೊಳೆಯೇ ಪಂಚಾಂಗ.

ಆ ವರ್ಷದ ಸುದ್ದಿಗಳನ್ನು ನಾವು ಬಿಡಿ ಬಿಡಿಯಾಗಿ ಓದಿದೆವು. ರಾಜಕೀಯದ ಪುಟ ಬೇರೆ, ಮಳೆಯ ಪುಟ ಬೇರೆ, ದಿಲ್ಲಿಯ ಪುಟ ಬೇರೆ. ಮಾಮಾನ ಮನೆಯ ಕಟ್ಟೆ ಮೇಲೆ ಕುಳಿತು ನೋಡಿದರೆ ಅವು ಬೇರೆ ಬೇರೆ ಸುದ್ದಿಗಳೇ ಅಲ್ಲ. ಒಂದು ಇನ್ನೊಂದರ ಕಾಲಿಗೆ ಸಿಕ್ಕಿಕೊಂಡಿತ್ತು.

ಬೇಸಿಗೆಯಿಂದಲೇ ಶುರು ಮಾಡೋಣ. ಆ ಮೇ ತಿಂಗಳಲ್ಲಿ ಕೃಷ್ಣೆ ಬತ್ತಿದ್ದಳು. ಚಿಕ್ಕೋಡಿ, ರಾಯಬಾಗ, ಅಥಣಿಯಿಂದ ಜಮಖಂಡಿವರೆಗೆ ಹೊಳೆಯ ನಡುವೆ ಬಂಡೆ, ಉಸುಕು ಎದ್ದು ಕಾಣುತ್ತಿದ್ದವು. ಮಾಮಾ ತಮ್ಮ ಪಂಪ್‌ಸೆಟ್ಟಿನ ಪೈಪನ್ನು ದಿನಾ ಇಷ್ಟಿಷ್ಟೇ ಒಳಗೆ ಸರಿಸುತ್ತಿದ್ದರು. ಕೊನೆಗೆ ಸರಿಸಲು ನೀರೇ ಉಳಿಯಲಿಲ್ಲ. ಹೊಳೆ ದಂಡೆಯ ಊರಿಗೆ ಟ್ಯಾಂಕರ್ ನೀರು ಬರುವುದನ್ನು ನೋಡಿದರೆ ಹೊರಗಿನವರು ನಗುತ್ತಾರೆ. ನಮಗೆ ಅದು ಹೊಸದಲ್ಲ.

ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ನೀರು ಬಿಡಿಸಿ ಅಂತ ಈ ಕಡೆ ಪ್ರತಿಭಟನೆ ನಡೆದವು. ಬಿಡುತ್ತೇವೆ, ಆದರೆ ಅಷ್ಟೇ ನೀರನ್ನು ನೀವು ಜತ್ತ, ಸೋಲಾಪುರ ಭಾಗಕ್ಕೆ ಕೊಡಿ ಅಂತ ಮಹಾರಾಷ್ಟ್ರ ಹೇಳಿತು. 4 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಕೊಟ್ಟು ತೆಗೆದುಕೊಳ್ಳುವ ಮಾತು. ಪತ್ರ ಹೋದವು, ಪತ್ರ ಬಂದವು, ಸಭೆಗಳಾದವು. ಬೇಸಿಗೆ ಮುಗಿಯಿತು. ಮಾತು ಮುಗಿಯಲಿಲ್ಲ.

ಅದೇ ಹೊತ್ತಿಗೆ ಲೋಕಸಭೆ ಚುನಾವಣೆ. ನಮ್ಮ ಕಡೆ ಏಪ್ರಿಲ್ 23ಕ್ಕೆ ಮತದಾನ ಆಯ್ತು. ಹೊಳೆಯಲ್ಲಿ ನೀರಿಲ್ಲ ಅನ್ನುವುದು ಯಾರ ಭಾಷಣದಲ್ಲೂ ದೊಡ್ಡ ಮಾತಾಗಲಿಲ್ಲ. ಬಾಲಾಕೋಟೇ ಎಲ್ಲ ಕಡೆ. (ಫೆಬ್ರುವರಿ 26ರ ಬೆಳಿಗ್ಗೆ ನಮ್ಮ ಓಣಿಯ ಅಜ್ಜಿಯೊಬ್ಬರು ಗಾಬರಿಯಾಗಿ ಬಂದು, "ಬಾಗಲಕೋಟಿಗೆ ಬಾಂಬ್ ಹಾಕ್ಯಾರಂತಲ್ಲೋ ಯಪ್ಪಾ, ನಮ್ಮ ಮಗಳು ಅಲ್ಲೇ ಅದಾಳ" ಅಂದಿದ್ದರು. ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸಾಕಾಯ್ತು.) ಮೇ 23ಕ್ಕೆ ಫಲಿತಾಂಶ ಬಂತು. ರಾಜ್ಯದ 28ರಲ್ಲಿ 25 ಬಿಜೆಪಿಗೆ. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ, ನಾಲ್ಕೂ ಆ ಲೆಕ್ಕದಲ್ಲೇ. ಬೆಳಗಾವಿಯ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾದರು. ಊರಲ್ಲಿ ಪಟಾಕಿ ಹೊಡೆದರು.

ಜುಲೈ ಪೂರ್ತಿ ಬೆಂಗಳೂರು ಮತ್ತು ಮುಂಬೈ. ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿನಲ್ಲಿ ಕೂತಿದ್ದರು. ಸರ್ಕಾರದ ಕೈಬಿಟ್ಟವರ ಪೈಕಿ ಮೂವರು ನಮ್ಮ ಬೆಳಗಾವಿ ಜಿಲ್ಲೆಯವರು. ಗೋಕಾಕದ ರಮೇಶ ಜಾರಕಿಹೊಳಿ, ಅಥಣಿಯ ಮಹೇಶ ಕುಮಠಳ್ಳಿ, ಮತ್ತೆ ರಾಜೀನಾಮೆ ಕೊಡದೆ ಮುಂಬೈ ಆಸ್ಪತ್ರೆ ಸೇರಿ ಸದನಕ್ಕೆ ಬಾರದ ಕಾಗವಾಡದ ಶ್ರೀಮಂತ ಪಾಟೀಲ. ಈ ಮೂರೂ ಊರುಗಳ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಜುಲೈ 23ಕ್ಕೆ ವಿಶ್ವಾಸಮತ. 99 ಪರ, 105 ವಿರುದ್ಧ. ಮೂರು ದಿನ ಬಿಟ್ಟು, 26ಕ್ಕೆ, ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಅವರೊಬ್ಬರೇ. ಮಂತ್ರಿಗಳು ಇಲ್ಲ. ಆಮೇಲೆ ಮಾಡಿಕೊಂಡರಾಯ್ತು ಅಂತ ಇತ್ತೇನೋ.

ಅದಾದ ಮೇಲೆ 29ರ ರಾತ್ರಿಯಿಂದ ಟಿವಿ ತುಂಬ ಉಳ್ಳಾಲದ ಸೇತುವೆ. ಕಾಫಿ ಡೇ ಸಿದ್ಧಾರ್ಥ ಅವರನ್ನು ಹುಡುಕುತ್ತಿದ್ದರು. ಸಂಕಟದ ಸುದ್ದಿ, ಇಲ್ಲ ಅನ್ನುವುದಿಲ್ಲ. ಆದರೆ ಆ ವಾರ ಕನ್ನಡ ಚಾನಲ್‌ಗಳಿಗೆ ಕಂಡದ್ದು ನೇತ್ರಾವತಿ ಒಂದೇ. ಆಗಲೇ ಖಾನಾಪುರದ ಕಾಡಲ್ಲಿ, ಮಹಾಬಳೇಶ್ವರದ ಘಟ್ಟದಲ್ಲಿ ಮಳೆ ಜೋರು ಹಿಡಿದಿತ್ತು. ನಮ್ಮ ಕಡೆಯ ಪತ್ರಿಕೆಗಳ ಒಳಪುಟದಲ್ಲಿ ದಿನಾ ಒಂದು ಸಣ್ಣ ಸುದ್ದಿ ಬರುತ್ತದೆ, ಚಿಕ್ಕೋಡಿಯಿಂದ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗಾದಿಂದ ಇಷ್ಟು ಕ್ಯೂಸೆಕ್, ಕಲ್ಲೋಳ ಹತ್ತಿರ ಕೃಷ್ಣೆಗೆ ಒಟ್ಟು ಇಷ್ಟು. ಹೊಳೆ ದಂಡೆಯವರು ಮೊದಲು ಓದುವುದು ಅದನ್ನೇ. ಮಾಮಾ ಆ ಅಂಕಿ ಓದಿ, ತಮ್ಮೂರಿಗೆ ನೀರು ಯಾವಾಗ ಮುಟ್ಟುತ್ತದೆ ಅಂತ ಬಾಯಿಲೆಕ್ಕ ಹಾಕಿ ಹೇಳುತ್ತಾರೆ. ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ.

ಆಗಸ್ಟ್ 5, ಸೋಮವಾರ. ನೀವು ಆ ದಿನವನ್ನು ಯಾವುದಕ್ಕೆ ನೆನಪಿಟ್ಟಿದ್ದೀರಿ ಗೊತ್ತಿದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಮಿತ್ ಶಾ 370ನೇ ವಿಧಿ ತೆಗೆಯುವ ಮಾತಿಗೆ ರಾಜ್ಯಸಭೆಯಲ್ಲಿ ಎದ್ದು ನಿಂತರು. ನಮ್ಮಲ್ಲಿ ಅವತ್ತು ನಾಗರಪಂಚಮಿ.

ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಹಿಂದಿನ ದಿನ ರೊಟ್ಟಿ ಪಂಚಮಿ, ಮಾರನೆ ದಿನ ಹಾಲೆರೆಯುವುದು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು. ಗಿಡಕ್ಕೆ ಜೋಕಾಲಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಮಕ್ಕಳನ್ನು ಕಟ್ಟಿಕೊಂಡು. ಅಂದರೆ ಹೊಳೆ ದಂಡೆಯ ಪ್ರತಿ ಮನೆಯಲ್ಲೂ ಜನ ಮಾಮೂಲಿಗಿಂತ ಜಾಸ್ತಿ ಇದ್ದ ದಿನ ಅದು. ಮಾಮಾನ ಮಗಳೂ ಬಂದಿದ್ದಳು. ಹುತ್ತಕ್ಕೆ ಹಾಲೆರೆಯಲು ಹೋದವರು ಹಾಗೇ ವಾಪಸ್ ಬಂದರು. ಹುತ್ತ ಇದ್ದ ಜಾಗಕ್ಕೆ ಆಗಲೇ ನೀರು ಬಂದಿತ್ತು. ಮಾಮಾನ ಹೆಂಡತಿ, ನಮ್ಮ ಅತ್ತಿ, ಮನೆಯ ಗೋಡೆಗೆ ನಾಗಪ್ಪನ ಚಿತ್ರ ಬರೆದು ಹಾಲೆರೆಸಿದರಂತೆ.

ಮಧ್ಯಾಹ್ನ ಡಂಗುರ ಸಾರಿದರು. ಯಾರೂ ಏಳಲಿಲ್ಲ. ಇದನ್ನು ಹೊರಗಿನವರು ಮೊಂಡುತನ ಅನ್ನುತ್ತಾರೆ. ಮೊಂಡುತನ ಅಲ್ಲ ಅದು. ಎಮ್ಮೆ, ಆಕಳು, ಆಡು, ಜೋಳದ ಚೀಲ, ಕಣಕಿ ಬಣವಿ ಎಲ್ಲ ಬಿಟ್ಟು ಕೈಬೀಸಿಕೊಂಡು ಹೋಗಲು ಆಗುವುದಿಲ್ಲ. ಮಾಮಾನ ಹತ್ತಿರ ಒಂದು ಅಳತೆಯೂ ಇತ್ತು. ಪಡಸಾಲೆಯ ಗೋಡೆಯಲ್ಲಿ 2005ರ ನೀರಿನ ಗುರುತು ಇದೆ. ಎಷ್ಟು ಸಲ ಸುಣ್ಣ ಬಳಿದರೂ ಅದು ಹಳದಿಯಾಗಿ ಎದ್ದು ಬರುತ್ತದೆ. ಆ ಗುರುತಿಗಿಂತ ಎರಡು ಗೇಣು ಮೇಲೆ ಹಲಗೆ ಕಟ್ಟಿ, ಜೋಳದ ಚೀಲ ಏರಿಸಿ, ಅವುಗಳ ಮೇಲೆ ಹಾಸಿಗೆ ಸುತ್ತಿಟ್ಟರು. ಟಿವಿಯನ್ನು ದೇವರ ಜಗಲಿ ಮೇಲಿಟ್ಟರು. ದೇವರು ಚೀಲದ ಮೇಲೆ ಕೂತರು.

ಕರೆಂಟ್ ಮೊದಲೇ ತೆಗೆದಿದ್ದರು. ಟಿವಿ ಇಲ್ಲ, ಮೊಬೈಲಿಗೆ ಚಾರ್ಜ್ ಇಲ್ಲ. ದೇಶವೆಲ್ಲ ಕಾಶ್ಮೀರದ ಮಾತಾಡುತ್ತಿದ್ದಾಗ ನಮ್ಮ ಮಾಮಾನ ಊರಿಗೆ ಅದು ಗೊತ್ತೇ ಇರಲಿಲ್ಲ. ಗಂಜಿ ಕೇಂದ್ರಕ್ಕೆ ಬಂದ ಮೇಲೆ ಯಾರೋ ಹೇಳಿದರಂತೆ. ಸುಷ್ಮಾ ಸ್ವರಾಜ್ ತೀರಿಹೋದದ್ದೂ ಹಾಗೇ. ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು ಕನ್ನಡ ಮಾತಾಡಿದ್ದರಲ್ಲ, ಅತ್ತಿಗಂತೂ ಅವರೆಂದರೆ ಭಾಳ ಅಭಿಮಾನ. "ಪಾಪ, ಯಾವಾಗ?" ಅಂದರಂತೆ. ಆಗಲೇ ಐದಾರು ದಿನ ಆಗಿತ್ತು.

ನೀರು 2005ರ ಗುರುತು ದಾಟಿತು. ಹಲಗೆ ದಾಟಿತು. ಸಾಂಗಲಿಯಲ್ಲೂ ಹಾಗೇ ಆಯ್ತು, 2005ರ ಮಟ್ಟವನ್ನು ಮೀರಿ. ಪಂಚಗಂಗಾ ಕೊಲ್ಲಾಪುರವನ್ನು ಮುಳುಗಿಸಿತು. ಪುಣೆ-ಬೆಂಗಳೂರು ಹೆದ್ದಾರಿ ಬಂದ್ ಆಗಿ ನಿಪ್ಪಾಣಿ ಕಡೆ ಲಾರಿಗಳು ಸಾಲುಗಟ್ಟಿ ನಿಂತವು. ಕುಡಚಿ ಸೇತುವೆ ಮುಳುಗಿತು. ಗೋಕಾಕದ ಹತ್ತಿರ ಲೋಳಸೂರ ಸೇತುವೆ ಮುಳುಗಿತು. ಬೆಳಗಾವಿಯಿಂದ ನಾನು ಮಾಮಾನ ಊರಿಗೆ ಹೋಗುವ ದಾರಿಗಳು ಒಂದೊಂದಾಗಿ ಮುಚ್ಚಿದವು.

ಇಲ್ಲೊಂದು ಲೆಕ್ಕ ಹೇಳಬೇಕು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ದಿನಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಆ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಬಿಟ್ಟದ್ದು 5 ಲಕ್ಷ ಕ್ಯೂಸೆಕ್‌ಗೂ ಮೇಲೆ. ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಪೂರ್ತಿ ಹೊಟ್ಟೆಯೇ 123 ಟಿಎಂಸಿ. ಮೇಲಿನಿಂದ ಬರುವುದು ನಿಂತರೆ ಮೂರು ದಿನದೊಳಗೆ ಡ್ಯಾಂ ಬರಿದಾಗುವ ವೇಗ ಅದು. ಮೇ ತಿಂಗಳಲ್ಲಿ ನಾವು ಬೇಡಿದ್ದೆಷ್ಟು? 4 ಟಿಎಂಸಿ. ಎರಡು ರಾಜ್ಯ ಸೇರಿ ಒಂದು ಬೇಸಿಗೆಯಿಡೀ ಬಗೆಹರಿಸಲಾಗದ ಅಷ್ಟೂ ನೀರು ಆಗಸ್ಟ್‌ನಲ್ಲಿ ಎರಡೂಕಾಲು ತಾಸಿನಲ್ಲಿ ಹರಿದು ಹೋಯಿತು.

ಈ ಲೆಕ್ಕವನ್ನು ನಾನು ಮಾಮಾಗೆ ತೋರಿಸಿದೆ. ಅವರು ಕಾಗದ ನೋಡಿ, "ಊಟ ಮಾಡಿ ಸ್ವಲ್ಪ ಅಡ್ಡಾಗಿ ಏಳೂದ್ರಾಗ ಹೋತಲ್ಲೋ" ಅಂದರು.

ಆಮೇಲೆ ಬೈದಾಟ. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದ್ದಕ್ಕೇ ಸಾಂಗಲಿ ಮುಳುಗಿತು ಅಂತ ಮಹಾರಾಷ್ಟ್ರದವರು. ಕೊಯ್ನಾದಿಂದ ಏಕಾಏಕಿ ಬಿಟ್ಟದ್ದಕ್ಕೇ ನಾವು ಮುಳುಗಿದೆವು ಅಂತ ನಮ್ಮ ಕಡೆಯವರು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಆಮೇಲೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳಿತು. ಆದರೂ ಆ ವಾದ ಪ್ರತಿ ಮಳೆಗಾಲಕ್ಕೂ ಚಿಗುರುತ್ತದೆ. ಡ್ಯಾಂ ಇಲ್ಲದ ಹಳ್ಳಗಳಿಂದ, ಉಪನದಿಗಳಿಂದ ಬಂದ ನೀರೂ ಕಡಿಮೆ ಇರಲಿಲ್ಲ. ಆ ನೀರಿಗೆ ಬೈಯಲು ಎದುರಿಗೆ ಯಾರೂ ಸಿಗುವುದಿಲ್ಲ. ಅದಕ್ಕೇ ಅದರ ಮಾತು ಯಾರೂ ಆಡುವುದಿಲ್ಲ ಅಂತ ನನಗನ್ನಿಸುತ್ತದೆ.

ಮಲಪ್ರಭೆಯದು ಇನ್ನೂ ವಿಚಿತ್ರ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಸವದತ್ತಿಯ ನವಿಲುತೀರ್ಥ ಡ್ಯಾಮಿಗೆ ಬರುವ ಈ ಹೊಳೆಯಲ್ಲಿ ನೀರಿಲ್ಲ, ಮಹದಾಯಿಯಿಂದ ಕೊಡಿ ಅಂತ ನರಗುಂದ, ನವಲಗುಂದದ ರೈತರು 2015ರಿಂದ ಹೋರಾಟಕ್ಕೆ ಕೂತಿದ್ದರು. ಆಗೆಲ್ಲ ಆ ಡ್ಯಾಂ ತುಂಬುತ್ತಿದ್ದುದೇ ಅಪರೂಪ. ತುಂಬದ ಡ್ಯಾಮಿನ ಕೆಳಗಿನ ಹೊಳೆ ಏನಾಗುತ್ತದೆ? ಸಣ್ಣದಾಗುತ್ತದೆ. ಪಾತ್ರದಲ್ಲಿ ಮುಳ್ಳುಕಂಟಿ ಬೆಳೆಯುತ್ತದೆ, ದಂಡೆಯನ್ನು ಒತ್ತಿ ಹೊಲ ಮಾಡುತ್ತಾರೆ. ಅಲ್ಲೊಂದು ಹೊಳೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಅಂಥದ್ದರಲ್ಲಿ ಡ್ಯಾಂ ತುಂಬಿ ಗೇಟು ಎತ್ತಿದರು. ರಾಮದುರ್ಗ ಮುಳುಗಿತು. ನೇಕಾರರ ಮಗ್ಗದ ಗುಣಿಗಳಲ್ಲಿ ರಾಡಿ ತುಂಬಿತು. ಹಾಸು ಹೊಕ್ಕು ಸಮೇತ ಅರ್ಧ ನೇಯ್ದ ಸೀರೆಗಳು ಹೋದವು. ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಗುಡಿ ಸುತ್ತಲೂ ನೀರು ನಿಂತ ಫೋಟೋ ಎಲ್ಲ ಪತ್ರಿಕೆಯಲ್ಲಿ ಬಂದವು, ನೋಡಲು ಚಂದವಾಗೇ ಇದ್ದವು. ಮಗ್ಗದ ಗುಣಿಯ ಫೋಟೋ ಅಷ್ಟು ಚಂದ ಬರುವುದಿಲ್ಲ ಬಿಡಿ.

ಫೋಟೋದ ಮಾತು ಬಂತಲ್ಲ. ರಾಯಬಾಗ ತಾಲ್ಲೂಕಿನಲ್ಲಿ ಒಂದು ಮನೆಯ ಚಾವಣಿ ಮೇಲೆ ಮೊಸಳೆ ಹತ್ತಿ ಕೂತಿತ್ತು. ಸುತ್ತ ನೀರು, ನಡುವೆ ಚಾವಣಿ, ಮೇಲೆ ಬಾಯಿ ತೆರೆದ ಮೊಸಳೆ. ಆ ವಿಡಿಯೋ ದೇಶ ಸುತ್ತಿತು. ದಿಲ್ಲಿಯ ಚಾನಲ್‌ಗಳಿಗೆ ಬೆಳಗಾವಿ ಜಿಲ್ಲೆ ಪರಿಚಯವಾದದ್ದೇ ಆ ಮೊಸಳೆಯಿಂದ. ನಮ್ಮ ಆಫೀಸಿನಲ್ಲೂ ಎಲ್ಲರ ಮೊಬೈಲಿನಲ್ಲಿ ಅದೇ. ನಾನೂ ಇಬ್ಬರಿಗೆ ಕಳಿಸಿದೆ.

ಸರ್ಕಾರದ ಲೆಕ್ಕದಲ್ಲಿ ಆ ಪ್ರವಾಹ 22 ಜಿಲ್ಲೆ, 103 ತಾಲ್ಲೂಕು ಮುಟ್ಟಿತು. 80ಕ್ಕೂ ಹೆಚ್ಚು ಜನ ಸತ್ತರು. ಸುಮಾರು 7 ಲಕ್ಷ ಜನರನ್ನು ಸ್ಥಳಾಂತರ ಮಾಡಿದರು. ಹೆಚ್ಚಿನ ಹೊಡೆತ ಬೆಳಗಾವಿ ಜಿಲ್ಲೆಗೇ ಬಿತ್ತು. ಇಷ್ಟೆಲ್ಲ ಆಗುವಾಗ ರಾಜ್ಯದಲ್ಲಿ ಎಷ್ಟು ಮಂತ್ರಿಗಳಿದ್ದರು? ಒಬ್ಬರೂ ಇಲ್ಲ. ಮುಖ್ಯಮಂತ್ರಿ ಒಬ್ಬರೇ. ಯಡಿಯೂರಪ್ಪ ಆ ವಯಸ್ಸಿನಲ್ಲಿ ಊರೂರು ಓಡಾಡಿದರು, ಅದನ್ನು ಒಪ್ಪಬೇಕು. ಆಗಸ್ಟ್ 10ಕ್ಕೆ ನಿರ್ಮಲಾ ಸೀತಾರಾಮನ್ ಬಂದರು, ಮಾರನೆ ದಿನ ಅಮಿತ್ ಶಾ ಹೆಲಿಕಾಪ್ಟರಿನಿಂದ ನೋಡಿ ಹೋದರು. ಮಂತ್ರಿಮಂಡಲ ಆದದ್ದು ಆಗಸ್ಟ್ 20ಕ್ಕೆ. ನೀರು ಇಳಿದ ಮೇಲೆ.

ಮಂತ್ರಿ ಇದ್ದಿದ್ದರೆ ನೀರು ನಿಲ್ಲುತ್ತಿತ್ತೇ ಅಂತ ಕೇಳಬಹುದು. ನಿಲ್ಲುತ್ತಿರಲಿಲ್ಲ. ಜಿಲ್ಲಾ ಉಸ್ತುವಾರಿ ಮಂತ್ರಿ ಅಂದರೆ ಜನ ಮುತ್ತಿಗೆ ಹಾಕಿ ಬೈಯಲು ಸಿಗುವ ಮನುಷ್ಯ. ಬೈಸಿಕೊಂಡವರು ಪಕ್ಕದ ಅಧಿಕಾರಿಗೆ ಬೈಯುತ್ತಾರೆ. ಆ ಅಧಿಕಾರಿ ಕೆಳಗಿನವರಿಗೆ ಬೈಯುತ್ತಾರೆ. ಕೊನೆಗೆ ಒಂದು ಬೋಟೋ, ಒಂದು ಲಾರಿ ಮೇವೋ ಬಂದು ಮುಟ್ಟುತ್ತದೆ. ನಮ್ಮ ಆಡಳಿತ ನಡೆಯುವುದೇ ಹೀಗಲ್ವಾ? ಆ 25 ದಿನ ಈ ಸರಪಳಿಯ ಮೇಲಿನ ಕೊಂಡಿಯೇ ಇರಲಿಲ್ಲ. ಕುಮಾರಸ್ವಾಮಿ ಸರ್ಕಾರ ಬಿದ್ದ ಸುದ್ದಿ ಮತ್ತು ಹೊಳೆ ಬಂದ ಸುದ್ದಿ ಬೇರೆ ಬೇರೆ ಅಲ್ಲ ಅಂದೆನಲ್ಲ, ಅದು ಇದಕ್ಕೇ.

ಸರ್ಕಾರ ಬರುವ ಮೊದಲು ಬಂದದ್ದು ರೊಟ್ಟಿ. ನೀರು ಮುಟ್ಟದ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಂದವು. ಪಂಚಮಿಗೆಂದು ಮಾಡಿದ ಉಂಡಿಗಳೂ ಬಂದವು. ಮಾಮಾ ಹೇಳುವ ಪ್ರಕಾರ ಅವರು ಜೀವನದಲ್ಲಿ ಅಷ್ಟು ಉಂಡಿ ಯಾವ ಪಂಚಮಿಗೂ ತಿಂದಿಲ್ಲ. ಬೆಂಗಳೂರು, ಮೈಸೂರು ಕಡೆಯಿಂದ ಲಾರಿಗಟ್ಟಲೆ ಅಕ್ಕಿ, ಚಾದರ, ಬಿಸ್ಕತ್ತು ಬಂದವು. ಹಳೇ ಬಟ್ಟೆಯೂ ಬಂತು, ಬೇಕಾದ್ದಕ್ಕಿಂತ ಜಾಸ್ತಿ. ಶಾಲೆಯ ವರಾಂಡದಲ್ಲಿ ಅದರ ಗುಡ್ಡೆ ಬಿದ್ದಿತ್ತು. ಜೀನ್ಸ್ ಪ್ಯಾಂಟು, ಕೋಟು, ಒಂದು ರೇಷ್ಮೆ ಶೇರವಾನಿ ಕೂಡ. ಎಲ್ಲರೂ ಕೊಟ್ಟವರೇ, ತಪ್ಪು ಹುಡುಕುವುದು ಬೇಡ. ಆದರೆ ಎಮ್ಮೆಗೆ ಕಣಕಿ ಕಳಿಸಿದವರನ್ನು ಮಾಮಾ ಇವತ್ತಿಗೂ ನೆನೆಯುತ್ತಾರೆ.

ನೀರು ಇಳಿದ ಮೇಲೆ ನಾನು ಹೋದೆ. ಮೊದಲು ಗೊತ್ತಾಗುವುದು ವಾಸನೆ. ಜೋಳದ ಚೀಲ ನೆನೆದು, ಮೊಳಕೆ ಬಂದು, ಒಳಗೊಳಗೇ ಬಿಸಿಯಾಗಿ ಕೊಳೆತಿತ್ತು. ಮಣ್ಣಿನ ಗೋಡೆ ಕೆಳಗಿನ ಮೂರಡಿ ಉಬ್ಬಿ ನಿಂತಿತ್ತು, ಕೈಯಿಟ್ಟರೆ ಒಳಗೆ ಹೋಗುತ್ತಿತ್ತು. ಹಿಂದಿನ ಕೋಣೆ ಕುಸಿದಿತ್ತು. ಪಡಸಾಲೆ ನಿಂತಿತ್ತು, ಆದರೆ ಗೋಡೆ ಮತ್ತು ತೊಲೆಯ ನಡುವೆ ಬೆಳಕು ಕಾಣುತ್ತಿತ್ತು.

ಹೊಲದಲ್ಲಿ ಕಬ್ಬು. ಕಬ್ಬಿಗೆ ನೀರು ನಿಂತರೆ ಏನೂ ಆಗುವುದಿಲ್ಲ ಅಂತ ತಿಳಿದವರಿದ್ದಾರೆ. ಬುಡಕ್ಕೆ ನಿಂತರೆ ತಡೆದುಕೊಳ್ಳುತ್ತದೆ. ಸುಳಿ ಮುಳುಗಿ ನಾಲ್ಕೈದು ದಿನ ಹಾಗೇ ಇದ್ದರೆ ಮುಗಿಯಿತು. ಹೊರಗಿನಿಂದ ನೋಡಿದರೆ ಕಬ್ಬು ನಿಂತೇ ಇರುತ್ತದೆ. ಮಾಮಾ ಒಂದು ಗಳ ಮುರಿದು ಸುಳಿ ಎಳೆದರು, ಸಲೀಸಾಗಿ ಕೈಗೆ ಬಂತು. ಬುಡ ಕಂದಾಗಿ ಕೊಳೆತು ನಾರುತ್ತಿತ್ತು. ಗಣ್ಣುಗಳಲ್ಲಿ ಬೇರು ಬಿಟ್ಟಿತ್ತು, ಪಕ್ಕದ ಕಣ್ಣುಗಳು ಒಡೆದು ಚಿಗುರಿದ್ದವು. ದೂರದಿಂದ ಆ ಚಿಗುರು ಹಸಿರಾಗಿ ಕಾಣುತ್ತದೆ. ರಸ್ತೆಯಲ್ಲೇ ನಿಂತು ಸರ್ವೆ ಮಾಡಿದವರಿಗೆ ಬೆಳೆ ಚೆನ್ನಾಗಿದೆ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ಪರಿಹಾರದ ಲೆಕ್ಕವನ್ನೂ ನೋಡಿಬಿಡೋಣ. ನೀರಾವರಿ ಬೆಳೆಗೆ ಕೇಂದ್ರದ ನಿಯಮದ ಪ್ರಕಾರ ಆಗ ಹೆಕ್ಟೇರಿಗೆ 13,500 ಇತ್ತು. ರಾಜ್ಯ ಅದಕ್ಕೆ 10,000 ಸೇರಿಸಿತು. ಒಟ್ಟು 23,500, ಅಂದರೆ ಎಕರೆಗೆ ಒಂಬತ್ತೂವರೆ ಸಾವಿರ. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಆ ವರ್ಷ ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ದರ) ಟನ್ನಿಗೆ 2,750 ಇತ್ತು. ಎಕರೆಗೆ 40 ಟನ್ ಹಿಡಿದರೂ 1 ಲಕ್ಷ 10 ಸಾವಿರ. ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ರಾಜ್ಯ ಸರ್ಕಾರ ಅಂದಾಜು ಮಾಡಿದ ಒಟ್ಟು ನಷ್ಟ 35 ಸಾವಿರ ಕೋಟಿಗೂ ಮೇಲೆ. ಕೇಂದ್ರದ ಮೊದಲ ಕಂತು ಅಕ್ಟೋಬರ್ 4ಕ್ಕೆ ಬಂತು, 1,200 ಕೋಟಿ. ಮುಂದಿನ ಜನವರಿಯಲ್ಲಿ ಇನ್ನೊಂದು 1,869 ಕೋಟಿ. 25 ಸಂಸದರನ್ನು ಕೊಟ್ಟ ರಾಜ್ಯ. ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ತಮ್ಮದೇ ಪಕ್ಷದವರನ್ನು ಇದಕ್ಕಾಗಿ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಪಕ್ಷ ಅವರಿಗೆ ನೋಟಿಸ್ ಕೊಟ್ಟಿತು. ಯತ್ನಾಳರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ. ಅವತ್ತಿನ ಮಾತನ್ನು ಒಪ್ಪುತ್ತೇನೆ.

ಆ ವರ್ಷ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನವೂ ನಡೆಯಲಿಲ್ಲ. 2012ರಲ್ಲಿ ಉದ್ಘಾಟನೆಯಾದ ಕಟ್ಟಡ, ಉತ್ತರ ಕರ್ನಾಟಕದ ಸಮಸ್ಯೆ ಇಲ್ಲೇ ಕೂತು ಚರ್ಚಿಸಲಿ ಅಂತ ಕಟ್ಟಿದ್ದು. ಅಧಿಕಾರಿಗಳು ನೆರೆ ಪರಿಹಾರದಲ್ಲಿದ್ದಾರೆ, ಅವರಿಗೆ ತೊಂದರೆ ಆಗುತ್ತದೆ ಅಂತ ಕಾರಣ ಕೊಟ್ಟು ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಮೂರು ದಿನದ ಅಧಿವೇಶನ ಮುಗಿಸಿದರು. ಅದಕ್ಕೂ ಟಿವಿ ಕ್ಯಾಮೆರಾಗಳಿಗೆ ಪ್ರವೇಶ ಇರಲಿಲ್ಲ. ನೆರೆ ಬಂದದ್ದು ಇಲ್ಲಿ, ಅದಕ್ಕೇ ಚರ್ಚೆ ಇಲ್ಲಿ ಬೇಡ ಅನ್ನುವ ತರ್ಕ ನನಗೆ ಇವತ್ತಿಗೂ ತಿಳಿದಿಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಆ ಬಿಳಿ ಕಟ್ಟಡ ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ 2.1 ಕಿಲೋಮೀಟರ್ ಇರುವಾಗ ಸಂಪರ್ಕ ಕಳೆದುಕೊಂಡಿತು. ಅದನ್ನು ನಾನು ಮನೆಯಲ್ಲಿ ಕೂತು ನೋಡಿದೆ. ಮಾಮಾನ ಮೊಮ್ಮಗ ತಗಡಿನ ಶೆಡ್ಡಿನಲ್ಲಿ ಅಪ್ಪನ ಮೊಬೈಲಿನಲ್ಲಿ ನೋಡಿದನಂತೆ. ಅವನ ಶಾಲೆ ಗಂಜಿ ಕೇಂದ್ರ ಆಗಿದ್ದರಿಂದ ಪಾಠ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ.

ಅದಾದ ಮೇಲೆ ಬಂದದ್ದು ಎ, ಬಿ, ಸಿ. ಈಗ ಹೊಳೆ ದಂಡೆಯ ಯಾವ ಅಜ್ಜಿಯನ್ನು ಕೇಳಿದರೂ ಈ ಮೂರು ಅಕ್ಷರದ ಅರ್ಥ ಹೇಳುತ್ತಾರೆ. ಆಗಿನ ಲೆಕ್ಕದಲ್ಲಿ ಮನೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ ಎ, 5 ಲಕ್ಷ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಬಿದ್ದಿದ್ದರೆ ಬಿ. ಅದಕ್ಕೂ ಕಡಿಮೆಯಾದರೆ ಸಿ, 50 ಸಾವಿರ. ಬಿ ಅವರಿಗೆ ಮೊದಲು 1 ಲಕ್ಷ ಅಂದರು. ಆಮೇಲೆ ಕೆಡವಿ ಹೊಸದಾಗಿ ಕಟ್ಟಿದರೆ 5 ಲಕ್ಷ, ರಿಪೇರಿಗೆ 3 ಲಕ್ಷ ಅಂತಾಯ್ತು.

ಕಾಗದದ ಮೇಲೆ ಸರಿಯಾಗೇ ಇತ್ತು. ಆದರೆ ಮಣ್ಣಿನ ಮನೆ ನೀರಲ್ಲಿ ನಿಂತಾಗ ಬೀಳುವುದಕ್ಕಿಂತ, ನೀರು ಇಳಿದು ಒಣಗುವಾಗ ಬೀಳುವುದು ಜಾಸ್ತಿ. ಸರ್ವೆಯವರು ಬಂದ ದಿನ ಗೋಡೆ ನಿಂತಿರುತ್ತದೆ, ಸಿ ಬರೆದುಕೊಳ್ಳುತ್ತಾರೆ. ಹದಿನೈದು ದಿನ ಬಿಟ್ಟು ಗೋಡೆ ಬೀಳುತ್ತದೆ. ಪಟ್ಟಿ ಆಗಲೇ ಹೋಗಿರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಜೋರು ಮಳೆಯಾದಾಗ ಎಷ್ಟೋ ಮನೆಗಳಿಗೆ ಹೀಗೇ ಆಯ್ತು. ಮಾಮಾನ ಮನೆಗೆ ಬಿ ಬಂತು. ಪಕ್ಕದ ಮನೆಗೆ ಸಿ ಬಂತು, ನಡುವೆ ಇದ್ದದ್ದು ಒಂದೇ ಗೋಡೆ. ಎರಡು ಮನೆಯವರೂ ಅದರಿಂದ ಸ್ವಲ್ಪ ದಿನ ಮಾತು ಬಿಟ್ಟಿದ್ದರು. ಮನೆ ಪೂರ್ತಿ ಉಳಿದಿದ್ದವರಿಗೆ ಎ ಬಂದ ಕಥೆಗಳೂ ಊರೂರಲ್ಲಿವೆ. ಅವನ್ನು ನಾನು ಕಣ್ಣಾರೆ ಕಂಡಿಲ್ಲ, ಬಿಡಿ.

ಡಿಸೆಂಬರ್ 5ಕ್ಕೆ ಉಪಚುನಾವಣೆ. ಗೋಕಾಕ, ಅಥಣಿ, ಕಾಗವಾಡ ನೆನಪಿಡಿ ಅಂದಿದ್ದೆನಲ್ಲ? ಆ ಶಾಸಕರನ್ನು ಸ್ಪೀಕರ್ ಅನರ್ಹ ಮಾಡಿದ್ದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಆ ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತ್ತು. ನಿಂತರು. ಮೂರೂ ನೆರೆ ಹೊಡೆದ ಕ್ಷೇತ್ರಗಳು. ಗೋಕಾಕದಲ್ಲಂತೂ ಅಣ್ಣನ ಎದುರು ತಮ್ಮ. ಮೂವರೂ ಗೆದ್ದರು. 15ರಲ್ಲಿ 12 ಬಿಜೆಪಿಗೆ ಬಂದು ಸರ್ಕಾರ ಗಟ್ಟಿಯಾಯ್ತು. ನೆರೆಯ ಸಿಟ್ಟು ಮತಪೆಟ್ಟಿಗೆಯಲ್ಲಿ ಕಾಣುತ್ತದೆ ಅಂತ ಬೆಂಗಳೂರಿನ ಪಂಡಿತರು ಬರೆಯುತ್ತಿದ್ದರು. ಕಾಣಲಿಲ್ಲ. ಅಥಣಿ ಕಡೆಯ ನಮ್ಮ ನೆಂಟರೊಬ್ಬರನ್ನು ಯಾಕೆ ಕಾಕಾ ಅಂತ ಕೇಳಿದೆ. "ಮನಿ ಲಿಸ್ಟ್ ಇನ್ನೂ ಫೈನಲ್ ಆಗಿಲ್ಲೋ ತಮ್ಮಾ. ಈಗ ಸರ್ಕಾರದವರನ್ನ ಎದುರ ಹಾಕ್ಕೊಂಡ್ರ ಹೆಂಗ?" ಅಂದರು. ಆ ಒಂದು ಮಾತಿನಲ್ಲಿದ್ದಷ್ಟು ವಿಶ್ಲೇಷಣೆ ನನಗೆ ಯಾವ ಚಾನಲ್‌ನಲ್ಲೂ ಸಿಗಲಿಲ್ಲ.

ಅದೇ ತಿಂಗಳು ಸಿಎಎ ಗಲಾಟೆ ಶುರುವಾಯ್ತು, ವರ್ಷ ಮುಗಿಯಿತು. ಪತ್ರಿಕೆಗಳಲ್ಲಿ ವರ್ಷದ ಹಿನ್ನೋಟ ಬಂತು. ಪ್ರವಾಹಕ್ಕೆ ಆಗಸ್ಟ್ ಅಂತ ಹಾಕಿ ಒಂದು ಫೋಟೋ ಕೊಟ್ಟಿದ್ದರು.

ಮಾಮಾನ ಮನೆಯ ದುಡ್ಡು ಕಂತಿನಲ್ಲಿ ಬಂತು. ತಳಪಾಯ ಆದ ಮೇಲೆ ಫೋಟೋ, ಲಿಂಟಲ್ ಆದ ಮೇಲೆ ಫೋಟೋ, ಚಾವಣಿ ಆದ ಮೇಲೆ ಫೋಟೋ. ಒಂದು ಫೋಟೋ ಅಪ್‌ಲೋಡ್ ಆಗಿಲ್ಲ ಅಂತ ಒಂದು ಕಂತು ತಿಂಗಳುಗಟ್ಟಲೆ ನಿಂತಿತ್ತು. ಅಷ್ಟರಲ್ಲಿ ಕೊರೋನಾ ಬಂತು. ಉಸುಕು, ಸಿಮೆಂಟು, ಗೌಂಡಿ ಕೂಲಿ ಎಲ್ಲ ಏರಿತು. ಊರಿನ ಅರ್ಧ ಮನೆಗಳು ಲಿಂಟಲ್ ಮಟ್ಟಕ್ಕೆ ನಿಂತಿದ್ದಾಗಲೇ 2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು. ಮತ್ತೆ ಸರ್ವೆ, ಮತ್ತೆ ಎ, ಬಿ, ಸಿ.

ಮಾಮಾ ಒಂದು ಕೆಲಸ ಮಾಡಿದ್ದರು. ತಳಪಾಯವನ್ನೇ 2019ರ ಗುರುತಿನ ಮಟ್ಟಕ್ಕೆ ಎತ್ತಿಸಿದ್ದರು. ಗೌಂಡಿ, "ಯಜಮಾನ್ರ, ಇದು ಮನೀನೋ ಮಾಳಿಗೀನೋ?" ಅಂತ ಕೇಳಿದನಂತೆ. ಕೊಟ್ಟ ದುಡ್ಡಿನ ದೊಡ್ಡ ಪಾಲು ತಳಪಾಯದಲ್ಲೇ ಹೋಯ್ತು. ಮೇಲೆ ಎರಡೇ ಕೋಣೆ ಆದವು, ಗಿಲಾಯಿ ಒಳಗೆ ಮಾತ್ರ. ಹೊರಗೆ ಇಟ್ಟಿಗೆ ಹಾಗೇ ಕಾಣುತ್ತದೆ. ಬಾಗಿಲಿಗೆ ಹೋಗಲು ಉದ್ದಕ್ಕೆ ಮೆಟ್ಟಿಲು. ಅತ್ತಿಗೋ ಮೊಣಕಾಲು ನೋವು. ಹೋದಾಗೆಲ್ಲ ನನ್ನ ಹತ್ತಿರ ಅದೇ ದೂರು. "ಹೊಳಿ ಯಾವಾಗರೆ ಒಮ್ಮೆ ಬರ್ತೈತಿ. ನಾ ದಿನಾ ಇಳದ ಹತ್ತಬೇಕಲ್ಲೋ. ನಿಮ್ಮ ಮಾಮಾಗ ಹೇಳ."

ಮಾಮಾಗೆ ಹೇಳಿದೆ. "ಇನ್ನೊಂದ್ ಎರಡ್ ಮೆಟ್ಟಲಾ ಏರಸೂದಿತ್ತು," ಅಂದರು, "ಉಸುಕ ಸಾಲಲಿಲ್ಲ."